ತರಗತಿಯಲ್ಲಿ ನಾನು ಹೇಳುತ್ತಿದ್ದ ಕಥೆ

ಯಾದಗಿರಿಯಲ್ಲಿ ಎಂ.ಎ. ವಿದ್ಯಾರ್ಥಿಗಳಿಗೆ 'ಶಾಲೆ ಮತ್ತು ನಾಗರಿಕ ಹಕ್ಕುಗಳು' ಎಂಬ ಆಯ್ಕೆಯ ಪತ್ರಿಕೆಯನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಅದನ್ನು ಬೇರೆ ಯಾರೂ ಬಯಸಿರಲಿಲ್ಲ. ಇತಿಹಾಸ ವಿಭಾಗದಲ್ಲಿ ನಾವು ನಾಲ್ವರಿದ್ದೆವು. ಉಳಿದ ಮೂವರು ಬಹಮನಿ, ವಿಜಯನಗರ, ಸ್ವಾತಂತ್ರ್ಯ ಹೋರಾಟ ಎಂದು ಹಂಚಿಕೊಂಡ ಮೇಲೆ ಇದೊಂದು ಮಿಕ್ಕಿತ್ತು. ವಿಭಾಗದ ಹಿರಿಯರು, "ನಿಮಗಿದು ಛಲೋ ಒಪ್ತದ್ರಿ ಮೇಡಂ" ಎಂದರು. ಯಾಕೆ ಒಪ್ಪುತ್ತದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಯಾವ ಕೇರಿಯಿಂದ ಬಂದವಳು ಎಂಬುದು ಇಬ್ಬರಿಗೂ ಗೊತ್ತಿತ್ತು.

ದಿನಾ ಶಹಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಭೀಮಾ ಸೇತುವೆ ದಾಟುವವರೆಗೆ ಆ ದಿನದ ಪಾಠದ ಟಿಪ್ಪಣಿ ಓದಿಕೊಳ್ಳುವುದು ರೂಢಿ. ಪತ್ರಿಕೆಯ ಮೊದಲರ್ಧ ಅಮೆರಿಕದ್ದು. ಕರಿಯರ ಮಕ್ಕಳಿಗೊಂದು ಶಾಲೆ, ಬಿಳಿಯರ ಮಕ್ಕಳಿಗೊಂದು ಶಾಲೆ ಇದ್ದದ್ದು. ಅದು ತಪ್ಪು ಎಂದು ಅಲ್ಲಿನ ದೊಡ್ಡ ನ್ಯಾಯಾಲಯ ಹೇಳಿದ್ದು. ಹೇಳಿದ ಮೇಲೂ ಮಕ್ಕಳು ಬೈಗುಳ ಕೇಳುತ್ತಾ, ಕಾವಲಿನವರ ನಡುವೆ ಶಾಲೆಯ ಮೆಟ್ಟಿಲು ಹತ್ತಬೇಕಾಗಿ ಬಂದದ್ದು. ಆಮೇಲೆ ಎಷ್ಟೋ ಬಿಳಿಯರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಬೇರೆ ಶಾಲೆ ಕಟ್ಟಿಕೊಂಡದ್ದು. ವಿದ್ಯಾರ್ಥಿಗಳು ಇದನ್ನೆಲ್ಲ ಸಿನಿಮಾದ ಕಥೆಯಂತೆ ಕೇಳಿದರು. ಕೆಲವರು ಪಾಪ ಎಂದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ನಮ್ಮ ಕಡಿ ಹಂಗೇನೂ ಇರಲಿಲ್ಲಲ್ರಿ ಮೇಡಂ? ಊರಿಗೊಂದೇ ಸಾಲಿ, ಎಲ್ಲಾರೂ ಅಲ್ಲೇ ಓದ್ಯಾರ."

ಅವಳು ಕೇಳಿದ್ದು ತಿಳಿಯದೆ, ಕೊಂಕಿನಿಂದಲ್ಲ. ಅವಳ ಪ್ರವೇಶದ ಅರ್ಜಿಯನ್ನು ನಾನು ನೋಡಿದ್ದೆ. ಸುರಪುರ ತಾಲ್ಲೂಕಿನಲ್ಲಿ ಕಕ್ಕೇರಾ ದಾರಿಯಲ್ಲಿರುವ ನನ್ನೂರೇ ಅವಳ ಊರು. ಅವಳು ಗೌಡರ ಮನೆಯ ಮೊಮ್ಮಗಳು. ನಾನು ಮದುವೆಯಾಗಿ ಊರು ಬಿಟ್ಟಾಗ ಅವಳಿನ್ನೂ ಹುಟ್ಟಿರಲಿಲ್ಲ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳಿಗೆ ಉತ್ತರವಾಗಿ ನನ್ನ ಕಥೆ ಹೇಳಿದೆ. ಊರಿನ ಹೆಸರು ಹೇಳಲಿಲ್ಲ.

ನಮ್ಮ ಶಾಲೆಗೆ ಇದ್ದದ್ದು ಒಂದು ದೊಡ್ಡ ಕೋಣೆ, ಅದಕ್ಕೊಂದು ಪಡಸಾಲೆ. ಕೇರಿಯ ನಾವು ನಾಲ್ಕೈದು ಮಕ್ಕಳು ಬಾಗಿಲ ಬಳಿ ಮನೆಯಿಂದ ತಂದ ಗೋಣಿಚೀಲ ಹಾಸಿಕೊಂಡು ಕೂಡಬೇಕು. ಒಳಗಿನ ಜಮಖಾನೆ ನಮಗಲ್ಲ. ಕೊಡದ ನೀರನ್ನು ಬೇರೆಯವರು ಮೇಲಿನಿಂದ ಸುರಿದರೆ ಬೊಗಸೆಯಲ್ಲಿ ಕುಡಿಯಬೇಕು. ನಾನು ಮೂರನೆಯ ತರಗತಿಯಲ್ಲಿದ್ದಾಗ ಊರ ಪಕ್ಕದಲ್ಲಿ ಕಾಲುವೆ ತೋಡಲು ಶುರುಮಾಡಿದರು. ಕೆಲಸದವರು ತಗಡಿನ ಶೆಡ್ಡು ಹಾಕಿಕೊಂಡು ಕ್ಯಾಂಪು ಮಾಡಿದರು. ಅಲ್ಲಿಂದ ತೆಲುಗು ಮಾತಾಡುವ ಒಬ್ಬ ಹುಡುಗಿ ಶಾಲೆಗೆ ಬಂದಳು. ಅವಳಿಗೆ ನಮ್ಮ ಶಾಲೆಯ ಕಟ್ಟಳೆ ಗೊತ್ತಿರಲಿಲ್ಲ. ನೇರವಾಗಿ ಬಂದು ನನ್ನ ಗೋಣಿಚೀಲದ ಮೇಲೆ ಕುಳಿತುಬಿಟ್ಟಳು.

ಮಾಸ್ತರರು ಅವಳನ್ನು ಎಬ್ಬಿಸಿ ಕೇಳಿದರು: "ನಿಮ್ದು ಯಾವ ಜನ ಅವ್ವಿ?"

"ಕೆನಾಲ್ ಜನ" ಎಂದಳು.

ಮತ್ತೆ ಮತ್ತೆ ಕೇಳಿದರೂ ಅದೇ ಮಾತು. ಮಾಸ್ತರರಿಗೆ ಅವಳನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ಒಳಗೆ ಜಮಖಾನೆಯ ಮೇಲೆ ಕೂರಿಸಿದರು. ಅವರು ಬೋರ್ಡಿನ ಕಡೆ ತಿರುಗಿದ ಕೂಡಲೇ ಪಾಟಿ ಹಿಡಿದುಕೊಂಡು ಮತ್ತೆ ನನ್ನ ಬಳಿಗೇ ಬಂದಳು. ಇದು ಹೀಗೇ ಕೆಲವು ದಿನ ನಡೆಯಿತು. ಆಮೇಲೆ ನನ್ನನ್ನು ಸೋದರಮಾವನ ಊರಿಗೆ ಕಳಿಸಿದರು. ಹತ್ತು ದಿನ ಬಿಟ್ಟು ತಿರುಗಿ ಬಂದಾಗ ನಾವೆಲ್ಲರೂ ಒಳಗೇ ಕೂಡುವಂತಾಗಿತ್ತು. ಬಾಗಿಲ ಬಳಿ ಯಾರ ಗೋಣಿಚೀಲವೂ ಇರಲಿಲ್ಲ.

ಈ ಕಥೆಯನ್ನು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಗೆಳತಿಯರಿಗೆ, ಗಂಡನಿಗೆ, ಸಭೆಗಳಲ್ಲಿ. 'ಕೆನಾಲ್ ಜನ' ಎಂದಾಗ ಕೇಳಿದವರೆಲ್ಲ ನಗುತ್ತಿದ್ದರು. ಅಂದು ತರಗತಿಯಲ್ಲೂ ನಕ್ಕರು. ಕಟ್ಟಳೆ ಗೊತ್ತಿಲ್ಲದ ಒಂದು ಮಗು ಕಟ್ಟಳೆಯನ್ನು ಮುರಿಯಿತು ಎಂದು ಪಾಠ ಮುಗಿಸಿದೆ. ಯಾರನ್ನೂ ನೋಯಿಸದ ಕಥೆ ಅದು.

ಪರೀಕ್ಷೆಗೆ ಬದಲು ಅವರಿಗೊಂದು ಕೆಲಸ ಕೊಟ್ಟೆ. ನಿಮ್ಮೂರಿನ ಹಿರಿಯರನ್ನು ಕಂಡು, ಶಾಲೆಯಲ್ಲಿ ಯಾರು ಎಲ್ಲಿ ಕೂಡುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬನ್ನಿ. ವಡಗೇರಾ ಕಡೆಯ ಹುಡುಗನೊಬ್ಬ ಮೊದಲು ಬರೆದು ತಂದ. ಅವನ ಅಜ್ಜಿ ಶಾಲೆಯ ಕಿಟಕಿಯ ಹೊರಗೆ ನಿಂತು ಅಕ್ಷರ ಕಲಿತವಳಂತೆ. ಗೌಡರ ಮನೆಯ ಹುಡುಗಿ ಮಾತ್ರ ಬಂದು ಹೇಳಿದಳು: "ನಮ್ಮೂರಾಗ ಹಳೇ ಮಾಸ್ತರ್ ಒಬ್ರು ಇದ್ರಂತ್ರಿ. ಈಗ ಸುರಪುರದಾಗ ಅದಾರ. ನೀವೂ ಬಂದ್ರ ಛಲೋ ಆಗ್ತಿತ್ತು. ನನಗ ಏನ್ ಕೇಳ್ಬೇಕಂತ ಗೊತ್ತಾಗವಲ್ದು."

ಅದು ನನ್ನ ಮಾಸ್ತರರೇ. ನನಗೂ ಅವರನ್ನು ಕಂಡು ಕೈಮುಗಿಯುವ ಆಸೆ ಬಹಳ ದಿನದಿಂದ ಇತ್ತು. ಒಂದು ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು.

ಸುರಪುರದಲ್ಲಿ ಗುಡ್ಡದ ಬುಡದ ಓಣಿಯೊಂದರಲ್ಲಿ ಮಾಸ್ತರರ ಮನೆ. ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಾ ಕುಳಿತಿದ್ದರು. ಕಾಲೇಜಿನವರು ಎಂದಷ್ಟೇ ಹುಡುಗಿ ಹೇಳಿದಳು. "ಬರ್ರಿ ಮೇಡಂ, ಬರ್ರಿ" ಎಂದು ಎದ್ದರು. ಕಾಲೇಜಿನಿಂದ ಬಂದವರೆಂದು ಕುರ್ಚಿ ತರಿಸಿದರು. ನಾನು ಕೂಡದೆ, "ನಾನ್ರಿ ಸರ್" ಎಂದು ಅಪ್ಪನ ಹೆಸರನ್ನೂ ಕೇರಿಯನ್ನೂ ಹೇಳಿದೆ. ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯ, ನೀನೇನವ್ವ? ಇಷ್ಟ್ ದೊಡ್ಡಾಕಿ ಆಗಿ?" ಒಳಗಿನಿಂದ ಚಹಾ ಬಂತು. ಎಲ್ಲರಿಗೂ ಒಂದೇ ಥರದ ಕಪ್ಪು ಎಂಬುದನ್ನು ನಾನು ಗಮನಿಸಿದೆ. ಗಮನಿಸಿದ್ದಕ್ಕೆ ನನ್ನ ಮೇಲೇ ಬೇಸರವಾಯಿತು.

ಹುಡುಗಿ ಪುಸ್ತಕ ತೆಗೆದಳು. ನಾನು ಕ್ಯಾಂಪಿನ ಹುಡುಗಿಯ ನೆನಪು ತೆಗೆದು, ಆಮೇಲೆ ನಮ್ಮನ್ನೆಲ್ಲ ಒಳಗೆ ಕೂರಿಸಿದಿರಲ್ಲ, ಅದು ದೊಡ್ಡ ಕೆಲಸ ಸರ್ ಎಂದೆ.

ಮಾಸ್ತರರು ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

"ನಾ ಎಲ್ಲಿ ಕೂಡಿಸಿದೆನವ್ವ. ಆ ಹುಡುಗಿ ನಿನ್ ಹತ್ರ ಕೂಡೋದು ಬಿಡವಲ್ದು, ಗೌಡ್ರು ದಿನಾ ಹೇಳಿ ಕಳಸ್ತಾರ. ಬ್ಯಾಸತ್ತು ನಿನ್ನೇ ಪಡಸಾಲಿಗೆ ಹಾಕಿದೆ. ಅದು ನಿನಗ ನೆಪ್ಪಿಲ್ಲೇನು?"

ನನಗೆ ನೆನಪಿರಲಿಲ್ಲ.

"ಮರದಿನ ನಿಮ್ಮವ್ವ ಬಂದ್ಳು. ನನ್ ಮಗಳು ಒಳಗ ಕುಂತ್ರ ನಾ ಏಳ್ತೀನಿ, ಇಲ್ಲಾಂದ್ರ ಇಲ್ಲ ಅಂತ ಸಾಲಿ ಮುಂದ ಕುಂತ್ಳು. ಮೂರು ದಿನ. ಬೈದ್ರೂ ಏಳ್ಲಿಲ್ಲ. ನಿನಗೇನರ ಆದೀತಂತ ನಿಮ್ಮಪ್ಪ ನಿನ್ನ ಬ್ಯಾರೆ ಊರಿಗೆ ಸಾಗಿಸಿದ. ನಾಲ್ಕನೇ ದಿನ ತಾಲೂಕಿನ್ಯಾಗಿಂದ ಸಾಹೇಬ್ರು ಬರೋರಿದ್ರು. ಸಾಲಿ ಮುಂದ ಹೆಣ್ಮಗಳು ಕುಂತಿದ್ರ ನನ್ನ ನೌಕರಿ ಹೋಗ್ತದಂತ ಹೆದರಿ ಒಳಗ ಕೂಡಿಸ್ತೀನಿ ಏಳವ್ವ ಅಂದೆ. ಅಷ್ಟೇ ನಾ ಮಾಡಿದ್ದು."

ಅವರು ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹುಡುಗಿಯೇ ಕೇಳಿದಳು: "ಗೌಡ್ರು ಸುಮ್ಮ ಬಿಟ್ರೇನ್ರಿ ಸರ್?"

"ಎಲ್ಲಿ ಬಿಟ್ರವ್ವ. ಅಕಿ ಮನಿಯವ್ರನ್ನ ಯಾರೂ ಹೊಲಕ್ಕ ಕರೀಬಾರ್ದಂತ ಹೇಳಿಸಿದ್ರು. ಕಳಿ ತೆಗಿಯಾಕಿಲ್ಲ, ರಾಶಿಗಿಲ್ಲ. ಆಮ್ಯಾಲ ಅಕಿ ಕೆನಾಲಿಗೆ ಮಣ್ಣು ಹೊರಾಕ ಹೋದ್ಳು. ಪಾಪ, ಕೈಬೆರಳು ಕಳಕೊಂಡ್ಳು."

ಕೇಳಿದವಳು ಯಾರ ಮೊಮ್ಮಗಳೆಂದು ಮಾಸ್ತರರಿಗೆ ಗೊತ್ತಿರಲಿಲ್ಲ. ಹುಡುಗಿಯ ಪೆನ್ನು ಪುಟದ ಮೇಲೆ ನಿಂತುಬಿಟ್ಟಿತ್ತು. ನಾನು ಅವಳ ಕಡೆ ನೋಡಲಿಲ್ಲ. ಅವ್ವನ ಎಡಗೈಯ ಎರಡು ಬೆರಳು ಅರ್ಧಕ್ಕೇ ಮುಗಿದಿವೆ. ಕಾಲುವೆಗೆ ಹಾಸುವ ಕಲ್ಲು ಬಿದ್ದು ಹೋದವೆಂದು ನಮಗೆ ಗೊತ್ತಿತ್ತು. ಕೂಲಿ ಹೆಚ್ಚು ಸಿಗುತ್ತದೆಂದು ಕಾಲುವೆಗೆ ಹೋದಳೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಅಲ್ಲಿಂದ ನಮ್ಮಿಬ್ಬರ ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕುಳಿತಿದ್ದೆವು. ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಒಂದು ಸಲ ಅವಳು, "ಮೇಡಂ, ನಿಮಗ ಮೊದಲೇ ಗೊತ್ತಿತ್ತೇನ್ರಿ, ನಾ ಯಾರ ಮನಿಯಾಕಿ ಅಂತ?" ಎಂದು ಕೇಳಿದಳು. ಹೂಂ ಎಂದೆ.

ಶಾಲೆ ಬಿಡುವ ಮೊದಲೇ ಮುಟ್ಟಿದೆವು. ಹಳೆಯ ಕೋಣೆಯ ಜಾಗದಲ್ಲಿ ಈಗ ನಾಲ್ಕು ಕೋಣೆ, ಗೋಡೆಯ ಮೇಲೆ ಬಣ್ಣದ ಚಿತ್ರ, ನಲ್ಲಿ, ಸಾಲಾಗಿ ಡೆಸ್ಕು. ಮಕ್ಕಳು ಎದ್ದು ನಮಸ್ತೆ ಎಂದರು. ಒಂದೆರಡು ಮುಖಗಳಲ್ಲಿ ನಮ್ಮ ಕೇರಿಯವರ ಹೋಲಿಕೆ ಕಂಡಿತು. ಆಮೇಲೆ ಎಲ್ಲ ಮುಖಗಳಲ್ಲೂ.

"ಊರಾಗಿನ ಬ್ಯಾರೆ ಮಕ್ಕಳು ಬರಂಗಿಲ್ಲೇನ್ರಿ?" ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದೆ. ದೂರದ ಜಿಲ್ಲೆಯಿಂದ ಬಂದ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಇಲ್ಲ ಮೇಡಂ. ನೀರಾವರಿ ಆದ್ಮೇಲೆ ಅನುಕೂಲ ಇರೋರೆಲ್ಲ ಇಂಗ್ಲಿಷ್ ಮೀಡಿಯಂಗೆ ಕಳಿಸ್ತಾರೆ. ಬೆಳಿಗ್ಗೆ ವ್ಯಾನ್ ಬರುತ್ತೆ. ಇಲ್ಲಿ ಉಳಿದಿರೋದು ಕೇರಿ ಮಕ್ಕಳೇ. ನೀವು ಇದೇ ಶಾಲೇಲಿ ಓದಿದ್ದಾ? ತುಂಬ ಸಂತೋಷ. ನಿಮ್ಮ ಮಕ್ಕಳು ಎಲ್ಲಿ ಓದ್ತಿದ್ದಾರೆ?"

"ಮಗಳು ಒಬ್ಬಾಕಿ. ಶಹಾಪುರದಾಗ" ಎಂದೆ. ಸ್ವಲ್ಪ ತಡೆದು, "ಇಂಗ್ಲಿಷ್ ಮೀಡಿಯಂ" ಎಂದೆ.

ಅವಳು ಸಹಜವಾಗಿ ತಲೆಯಾಡಿಸಿದಳು. ಗೌಡರ ಮನೆಯ ಹುಡುಗಿ ನನ್ನನ್ನು ನೋಡಿದಳು. ಮಗಳನ್ನು ಆ ಶಾಲೆಗೆ ಸೇರಿಸುವಾಗ ನಾನು ಎರಡನೆಯ ಸಲ ಯೋಚಿಸಿರಲಿಲ್ಲ. ಬಿಳಿಯರು ಕಟ್ಟಿಕೊಂಡ ಖಾಸಗಿ ಶಾಲೆಗಳ ಬಗ್ಗೆ ಒಂದು ವಾರವಿಡೀ ಪಾಠ ಮಾಡಿದ್ದೆ, ಆಗಲೂ ಹೊಳೆದಿರಲಿಲ್ಲ.

ಶಾಲೆಯ ಗೇಟಿನಲ್ಲಿ ಹುಡುಗಿ, "ನಾ ಮನಿಗೆ ಹೋಗ್ತೀನ್ರಿ ಮೇಡಂ, ಮುತ್ಯಾನ್ನ ಕೇಳ್ತೀನಿ" ಎಂದು ತನ್ನ ಅಜ್ಜನಿರುವ ಮನೆಗೆ ಊರೊಳಗಿನ ದಾರಿ ಹಿಡಿದಳು. ನಾನು ಕೇರಿಯ ಕಡೆ ನಡೆದೆ.

ಅವ್ವ ನನ್ನ ತಮ್ಮನ ಮನೆಯ ಮುಂದೆ ತೊಗರಿ ಹಸನು ಮಾಡುತ್ತಿದ್ದಳು. ಮೊರದಲ್ಲಿ ಕಾಳು ಕೇರುವಾಗ ಆ ಕೈಯೇ ಎದ್ದು ಕಾಣುತ್ತಿತ್ತು. ಎದುರಿಗೆ ಕುಳಿತು, ಮಾಸ್ತರರು ಎಲ್ಲಾ ಹೇಳಿದರು ಎಂದೆ.

"ಅಂವ ಇನ್ನಾ ಜೀವಂತ ಅದಾನೇನು?" ಎಂದಳು.

"ನೀ ಯಾಕ ನನಗ ಒಂದಿನಾನೂ ಹೇಳ್ಲಿಲ್ಲಬೇ?"

"ಏನ್ ಹೇಳೋದು? ನೀ ಒಳಗ ಕುಂತಿ. ಅದಕ್ಕ ಅಲ್ಲೇನು ನಾ ಕುಂತಿದ್ದು? ಹೇಳಿದ್ರ ಸಾಲಿಗೆ ಹೋಗೋವಾಗೆಲ್ಲ ನನ್ ಕೈ ನೋಡ್ತಿದ್ದಿ."

ನಾನು ಅತ್ತೆ. ಅವಳಿಗೆ ಅದು ಸೇರಲಿಲ್ಲ. ಕಾಳಿನ ನಡುವಿನ ಹರಳು ಆರಿಸಿ ಎಸೆಯುತ್ತಾ, "ಇದನ್ನ ನಿನ್ ಕಾಲೇಜಿನ್ಯಾಗ ಹೇಳ್ತೀಯೇನು?" ಎಂದಳು.

"ಹೇಳ್ಬೇಕಂತ ಮಾಡೀನಿ."

"ಹೇಳು. ನನ್ ಹೆಸರು ಹಿಡೀಬ್ಯಾಡ. ನಿನ್ ತಮ್ಮ ಈಗ ಗೌಡ್ರ ಹೊಲಾನೇ ಪಾಲಿಗೆ ಮಾಡ್ಲಾಕತ್ತಾನ."

ಶಾಲೆಯಲ್ಲಿ ಈಗ ನಮ್ಮವರಷ್ಟೇ ಉಳಿದಿದ್ದಾರೆ ಎಂದೂ ಹೇಳಿದೆ. ಅವ್ವನಿಗೆ ಅದು ಗೊತ್ತಿದ್ದ ಸಂಗತಿಯೇ. ಮೊಮ್ಮಗಳನ್ನು ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಮಾತ್ರ ಕೇಳಿದಳು. ಇವತ್ತು ಅವಳಿಗೆ ಶಾಲೆ ಇದೆ ಎಂದೆ.

ಸೋಮವಾರ ತರಗತಿಯಲ್ಲಿ, ಅವ್ವನನ್ನು ಕೇರಿಯ ಒಬ್ಬ ಹೆಂಗಸು ಎಂದಷ್ಟೇ ಕರೆದು, ಹಳೆಯ ಕಥೆಯನ್ನು ತಿದ್ದಿ ಹೇಳಿದೆ. ಹಿಂದೆ ಹೇಳಿದ್ದು ಅರ್ಧ, ಅದೂ ನನಗೆ ಅನುಕೂಲವಾಗುವ ಅರ್ಧ ಎಂದು ಒಪ್ಪಿಕೊಂಡೆ. ಮೂರು ದಿನ ಕುಳಿತ ಹೆಂಗಸು ಯಾರು ಎಂದು ಒಬ್ಬ ಕೇಳಿದ. ಹೆಸರು ಹೇಳುವಂತಿಲ್ಲ ಎಂದೆ. ಈ ಸಲ ಯಾರೂ ನಗಲಿಲ್ಲ. ಗೌಡರ ಮನೆಯ ಹುಡುಗಿ ಅಂದು ಬಂದಿರಲಿಲ್ಲ. ಮರುದಿನವೂ ಇಲ್ಲ. ಎರಡು ವಾರ ಅವಳ ಜಾಗ ಖಾಲಿ. ಮನೆಯಲ್ಲಿ ಓದು ಬಿಡಿಸಿದರೋ ಏನೋ ಎಂದು ಹೆದರಿದೆ. ನಾನೇ ಕರೆದುಕೊಂಡು ಹೋಗಬಾರದಿತ್ತು ಎಂದೂ ಅನ್ನಿಸಿತು. ಫೋನ್ ಮಾಡಲು ಕೈ ಬರಲಿಲ್ಲ. ಮಾಡಿದರೆ ಯಾರು ಎತ್ತುತ್ತಾರೋ, ನಾನು ಯಾರೆಂದು ಹೇಳಲಿ.

ಮೂರನೆಯ ವಾರ ಬಂದಳು. ಸೊರಗಿದ್ದಳು. ಹಿಂದಿನ ಬೆಂಚಿನಲ್ಲಿ ಕುಳಿತಳು. ಪ್ರಬಂಧ ಒಪ್ಪಿಸುವ ದಿನ ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಮೇಲೆ ಇಟ್ಟಳು. ವಿಷಯ ಶಾಲೆಯದ್ದಲ್ಲ, ಊರಿಗೆ ಕಾಲುವೆ ಬಂದದ್ದು. ನಿಂತಲ್ಲೇ ಪುಟ ತಿರುವಿದೆ. ಎಲ್ಲಿಂದ ಎಲ್ಲಿಗೆ ನೀರು, ಯಾವ ಹೊಲಕ್ಕೆ ಮೊದಲು ಬಂತು, ಜೋಳದಿಂದ ಭತ್ತಕ್ಕೆ ಹೇಗೆ ಬದಲಾದರು. ಕೊನೆಯ ಪುಟದಲ್ಲಿ ಒಂದು ವಾಕ್ಯ: 'ಊರಿನ ಹೊಲಗಳಿಗೆ ಕೂಲಿಗೆ ಕರೆಯದ ಹೆಂಗಸರೂ ಈ ಕಾಲುವೆಗೆ ಮಣ್ಣು ಹೊತ್ತರು, ಕಲ್ಲು ಹೊತ್ತರು, ಅವರ ಹೊಲಕ್ಕೆ ನೀರು ಬರಲಿಲ್ಲ, ಅವರಿಗೆ ಹೊಲವಿರಲಿಲ್ಲ.'

"ಯಾಕ ಕರೀಲಿಲ್ಲ ಅಂತ ಬರೆದಿಲ್ಲಲ್ಲ?" ಎಂದೆ.

"ಮುತ್ಯಾನ್ನ ಕೇಳಿದೆನ್ರಿ. ಆಗ ಹಂಗಿತ್ತು ಅಂದ. ಮತ್ತ ಕೇಳಿದ್ದಕ್ಕ ಅಪ್ಪ ಬಂದು ಪುಸ್ತಕ ಕಸಕೊಂಡ." ತಲೆ ತಗ್ಗಿಸಿದಳು. "ಇದನ್ನ ಮನ್ಯಾಗ ಓದ್ತಾರ್ರಿ ಮೇಡಂ. ಇಷ್ಟು ಬರಿಯಾಕಾಯ್ತು."

ಇನ್ನೂ ಬರೆಯಬೇಕಿತ್ತು ಎಂದು ನಾನು ಹೇಳಲಿಲ್ಲ. ಆ ವಾಕ್ಯದ ಕೆಳಗೆ ಗೆರೆ ಎಳೆದು ಪ್ರಬಂಧವನ್ನು ಚೀಲದಲ್ಲಿಟ್ಟುಕೊಂಡೆ. ಅವಳು ಸುರಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.