ನಡುನಡುವೆ ಕನ್ನಡ ಆಫ್ ಮಾಡುತ್ತಿದ್ದ ಅಕ್ಕ

ಮೊನ್ನೆ ಮಗಳು ಜಗಲಿಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮಂಡ್ಯದ ಡಿಟಿಪಿ ಅಂಗಡಿ, ಅಲ್ಲಿನ ಕೀಬೋರ್ಡಿನ ಮೇಲೆ ಅದೇ ಬಣ್ಣದಲ್ಲಿಟ್ಟಿದ್ದ ಎರಡು ಕೆಂಪು ಚುಕ್ಕೆ, ಅವನ್ನಿಟ್ಟ ಟೈಪಿಂಗ್ ಅಕ್ಕ... ಎಲ್ಲ ಒಟ್ಟಿಗೆ ನೆನಪಾದವು.

ನಾನು ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರಗಳನ್ನು ಕೈಯಲ್ಲಿ ಬರೆದು, ಆ ಅಂಗಡಿಯಲ್ಲಿ ಟೈಪು ಮಾಡಿಸಿ ನೋಂದಣಿಗೆ ಒಯ್ಯುವುದು ನನ್ನ ಕಸುಬು. ಒಬ್ಬರನ್ನೊಬ್ಬರು ನಂಬದ ಅಣ್ಣತಮ್ಮಂದಿರ ನಡುವೆ ಕೂತು ಕೂತು ನನಗೂ ಅನುಮಾನದ ಚಾಳಿ ಅಂಟಿಕೊಂಡಿತ್ತು. ಹೋಟೆಲಿನಲ್ಲಿ ಟೀ ಕುಡಿಯುವಾಗಲೂ ಕೈಚೀಲವನ್ನು ತೊಡೆಯ ಮೇಲಿಂದ ಇಳಿಸುತ್ತಿರಲಿಲ್ಲ.

ಅಕ್ಕ ಕೊತ್ತತ್ತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಾತು ಕಡಿಮೆ, ಕೈ ಚುರುಕು. ಆದರೆ ನಾಲ್ಕೈದು ಸಾಲಿಗೊಮ್ಮೆ ನಿಲ್ಲಿಸಿ ಚುಕ್ಕೆಯ ಕೀಲಿಯೊಂದನ್ನು ಒತ್ತುತ್ತಿದ್ದರು. ಕನ್ನಡ ಹಾಕಿದೆ ಎಂದು ತೋರಿಸಲು ಪರದೆಯ ಮೂಲೆಯಲ್ಲಿದ್ದ 'ಕ' ಮಾಯವಾಗುತ್ತಿತ್ತು. ಆಮೇಲೆ ಇನ್ನೊಂದು ಚುಕ್ಕೆಯದೂ ಸೇರಿ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುತ್ತಿದ್ದರು, ಮತ್ತೆ ಮೊದಲಿನದನ್ನು ಒತ್ತಿದರೆ 'ಕ' ವಾಪಸ್ಸು. ಕನ್ನಡ ಟೈಪು ಮಾಡುವವರು ನಡುನಡುವೆ ಕನ್ನಡವನ್ನೇ ಏಕೆ ಆಫ್ ಮಾಡಬೇಕು?

"ಏನಕ್ಕಾ ಅದು, ಆವಾಗಾವಾಗ ಒತ್ತದು?" ಎಂದು ಒಮ್ಮೆ ಕೇಳಿದೆ.

"ಈ ಮಿಸನ್ನಿಗೆ ಅಂಗೇ ಮಾಡ್ಬೇಕು ಸಾ," ಎಂದರು, ತಲೆಯೆತ್ತದೆ.

ಆ ಉತ್ತರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅಷ್ಟರಲ್ಲಿ ಮದ್ದೂರಿನ ಇನ್ನೊಬ್ಬ ಬರಹಗಾರನ ಪತ್ರವೊಂದು ಕಣ್ಣಿಗೆ ಬಿತ್ತು. ನಾಲೆ ನೀರಿನ ಸರದಿಯ ಬಗ್ಗೆ ನಾನು ತಲೆ ಕೆಡಿಸಿಕೊಂಡು ಹೊಸೆದಿದ್ದ ಒಕ್ಕಣೆ ಅದರಲ್ಲಿ ಅಕ್ಷರಕ್ಕಕ್ಷರ ಇತ್ತು. ಅಕ್ಕ ಆ ಕೀಲಿ ಒತ್ತಿ ನನ್ನ ಪತ್ರಗಳ ನಕಲು ಎತ್ತಿಡುತ್ತಾರೆ, ಅವನಿಗೆ ಕೊಡುತ್ತಾರೆ ಎಂದು ತೀರ್ಮಾನ ಮಾಡಿಬಿಟ್ಟೆ.

"ನನ್ ಪತ್ರ ಕದ್ದು ಕೊಡ್ತಾವ್ಳೆ, ಆಯಮ್ಮ ಇಲ್ಲಿದ್ರೆ ನಾನು ಬರಕ್ಕಿಲ್ಲ ಕಣಯ್ಯ," ಎಂದು ಅಕ್ಕನ ಎದುರಿಗೇ ಅಂಗಡಿಯವನಿಗೆ ಹೇಳಿದೆ. ಅವನಿಗೆ ನನ್ನ ಕೆಲಸ ಬಿಡಲಾಗಲಿಲ್ಲ, ಅಕ್ಕನನ್ನೇ ಬಿಡಿಸಿದ.

ಹೋಗುವ ದಿನ ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಒಂದು ಚೀಟಿ ಬರೆದು ಮೇಜಿನ ಮೇಲಿಟ್ಟರು.

"ಮುಂದ್ಕೆ ಕೂರೋರ್ಗೆ ಕೊಡಿ. ಯಾವ್ ಯಾವ್ ಕೀ ಅಂತ ಬರ್ದಿವ್ನಿ."

ಅವರು ಮೆಟ್ಟಿಲಿಳಿದ ಮೇಲೆ ಆ ಚೀಟಿಯನ್ನು ಓದಿಯೂ ನೋಡದೆ ನಾನೇ ಹರಿದು ಹಾಕಿದೆ. ಅದರಲ್ಲೂ ಏನೋ ಮಸಲತ್ತು ಇರಬೇಕು ಅನ್ನಿಸಿತ್ತು.

ವಾರ ಕಳೆದಿರಲಿಲ್ಲ. ಹೊಸ ಹುಡುಗಿ ಬೆಳಗಿನಿಂದ ಕೂತು ಮೂವರು ಅಣ್ಣತಮ್ಮಂದಿರ ವಿಭಾಗಪತ್ರ ಟೈಪು ಮಾಡಿದ್ದಳು. ಮಧ್ಯಾಹ್ನ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಒಂದು ಸಾಲೂ ಉಳಿದಿರಲಿಲ್ಲ. ಸೇವ್ ಮಾಡುವ ಎರಡು ಕೀಲಿಗಳನ್ನು ಅವಳು ಒತ್ತುತ್ತಲೇ ಇದ್ದಳಂತೆ. ಆ ಶಾರ್ಟ್‌ಕಟ್ ಇರುವುದು ಇಂಗ್ಲಿಷ್ ಕೀಲಿಗಳ ಲೆಕ್ಕದಲ್ಲಿ, ಆ ಹಳೇ ಕಂಪ್ಯೂಟರಿನಲ್ಲಿ ಕನ್ನಡ ಹಾಕಿಕೊಂಡಿದ್ದರೆ ಅದು ನಡೆಯುವುದಿಲ್ಲ, ಕನ್ನಡ ಆಫ್ ಮಾಡಿಯೇ ಸೇವ್ ಮಾಡಬೇಕು ಎಂದು ರಿಪೇರಿಗೆ ಬಂದವನು ಹೇಳಿದ. ಅಕ್ಕ ನಾಲ್ಕೈದು ಸಾಲಿಗೊಮ್ಮೆ ಮಾಡುತ್ತಿದ್ದುದು ಅಷ್ಟೇ... ನನ್ನ ಪತ್ರಗಳನ್ನು ಕಾಯುತ್ತಿದ್ದರು.

ಮದ್ದೂರಿನವನ ವಿಷಯ? ನೋಂದಣಿಯಾದ ಪತ್ರದ ನಕಲನ್ನು ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು. ಎಷ್ಟೋ ಜನರಿಗೆ ನಾನೇ ಅಂಥ ಅರ್ಜಿ ಬರೆದುಕೊಟ್ಟಿದ್ದೇನೆ. ಅಂಥ ನನಗೆ ಅದು ಹೊಳೆಯಲೇ ಇಲ್ಲ.

ತಪ್ಪಾಯಿತು ಎಂದು ಹೇಳಲು ಹೊರಟವನು ಇವತ್ತು ನಾಳೆ ಎನ್ನುತ್ತ ವರ್ಷಗಳನ್ನೇ ಕಳೆದೆ. ಮೊನ್ನೆ ನೆನಪಾದ ಮೇಲೆ ತಡೆಯಲಾಗದೆ ನಿನ್ನೆ ಕೊತ್ತತ್ತಿಗೆ ಹೋದೆ. ಅಕ್ಕನ ಯಜಮಾನರು ಬಾಗಿಲಲ್ಲಿದ್ದರು.

"ಅವ್ಳು ತೀರೋಗಿ ಮೂರ್ ವರ್ಸ ಆಯ್ತಲ್ಲ ಸಾ," ಎಂದರು. ಆ ಡಿಟಿಪಿ ಅಂಗಡಿಗೆ ಪತ್ರ ತರುತ್ತಿದ್ದವನು ಎಂದು ಹೇಳಿದೆ. ಅವರ ಮುಖ ಅರಳಿತು. "ಆ ಅಂಗ್ಡಿ ಅಂದ್ರೆ ಪ್ರಾಣ ಅವ್ಳ್ಗೆ. ಕಣ್ಣು ಮಂಜಾಯ್ತು ಅಂತ ಅವ್ಳೇ ಬುಟ್ಟು ಬಂದ್ಲು. ನಿಮ್ಗೂ ಅಂಗೇ ಯೋಳಿದ್ಲಾ?"

ಕಳ್ಳತನದ ಆರೋಪವನ್ನು ಅಕ್ಕ ಮನೆಯವರಿಗೂ ಹೇಳಿರಲಿಲ್ಲ. ಈತ ಎಲ್ಲ ಗೊತ್ತಿದ್ದೇ ನನ್ನ ಬಾಯಿ ಬಿಡಿಸುತ್ತಿದ್ದಾರೋ ಎಂದು ಅಲ್ಲೂ ನನಗೆ ಅನುಮಾನ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಊಂ, ಅಂಗೇ ಯೋಳಿದ್ರು," ಎಂದೆ.

ಅವರು ನಂಬಿದರು. ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟರು.