ಗಂಜಿ ಹಾಕಿದ ಧೋತರ ಮತ್ತು ನಮ್ಮ ಕುದುರೆ

ದಿನಾ ಹೊಂಬಳದ ಹೊಲಕ್ಕೆ ಹೊತ್ತೊಯ್ಯುವ ನಮ್ಮ ಕುದುರೆ ಅಂದು ಗದಗಿನ ಮೈದಾನದಲ್ಲಿ ನನ್ನ ಯಜಮಾನರನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಅವರು ಹತ್ತಲು ಕಾಲೆತ್ತಿದರೆ ಸಾಕು, ಪಕ್ಕಕ್ಕೆ ಜಿಗಿಯುತ್ತಿತ್ತು. ಕರ್ನಾಟಕ ಒಂದಾದ ಸಂಭ್ರಮಕ್ಕೆ ಇಟ್ಟ ಪಂದ್ಯವದು. ಬೇಲಿ ಹಾರಿಸಿ ಓಡಿಸಬೇಕು. ಅವರಿಗೆ ಮೊದಲನೆಯ ಸಲ. ಇನ್ನಿಬ್ಬರಾದ ಮೇಲೆ ಅವರ ಸರದಿ. ಹತ್ತದಿದ್ದರೆ ಹೆಸರು ಹೊಡೆದುಹಾಕುತ್ತಿದ್ದರು.

ಟಾಂಗಾ ಹೊಡೆಯುವ ಮುದುಕ ಹುಸೇನಸಾಬರು ನೋಡಿ ನಕ್ಕರು. “ಏನ್ರೀ ಗೌಡ್ರ, ಪಂದ್ಯಕ್ಕ ಬಂದೀರೋ, ಬೀಗರ ಮನಿಗೆ ಹೊಂಟೀರೋ? ಆ ಧೋತರದ ಬರಬರ ಸಪ್ಪಳಕ್ಕ ಕುದರಿ ಬೆದರೇತಿ ನೋಡ್ರಿ!”

ಶುಭಕಾರ್ಯವೆಂದು ಬೆಟಗೇರಿಯ ಹೊಸ ಧೋತರಕ್ಕೆ ಗಟ್ಟಿ ಗಂಜಿ ಹಾಕಿ, ದೇವರ ಮುಂದಿಟ್ಟು ಉಡಿಸಿದವಳು ನಾನೇ. ಖರೆಯೇ ಎಂದು ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಕುದುರೆಯ ಎರಡೂ ಕಿವಿ ನನ್ನ ಕಡೆ ತಿರುಗಿದವು.

ಸಾಬರು ಟಾಂಗಾದ ಸೀಟಿನಡಿಯಿಂದ ತಮ್ಮ ಹಳೆಯ ಇಜಾರ ತೆಗೆದುಕೊಟ್ಟರು. ಮೆತ್ತಗಿತ್ತು, ಕಾಲಿಗೆ ಬಿಗಿಯಾಗಿ ಕೂರುವಂಥದು, ಕುದುರೆ ಬೆವರು ನಾರುತ್ತಿತ್ತು. ಯಜಮಾನರು ನನ್ನ ಮುಖ ನೋಡಿದರು.

“ಜಲ್ದಿ ಹಾಕ್ಕೊಳ್ರಿ, ದೇವರು ಏನೂ ಅನ್ನಂಗಿಲ್ಲ,” ಅಂದೆ.

ಟಾಂಗಾದ ಮರೆಯಲ್ಲಿ ತೊಟ್ಟು ಬಂದರು. ಕುದುರೆ ಇಜಾರ ಮೂಸಿ ಸುಮ್ಮನೆ ನಿಂತಿತು.

ಬಹುಮಾನ ಬರಲಿಲ್ಲ. ಮೂರು ಬೇಲಿ ಹಾರಿಸಿ ಕೈಕಾಲು ನೆಟ್ಟಗಿಟ್ಟುಕೊಂಡು ಇಳಿದರು, ನನಗೆ ಅದೇ ದೊಡ್ಡದು. ಈಗಲೂ ಹೊಸ ಬಟ್ಟೆ ಕೊಳ್ಳುವಾಗ ಅದನ್ನು ಕಿವಿಯ ಹತ್ತಿರ ಹಿಡಿದು ಹಿಂಡಿ ಕೇಳುತ್ತೇನೆ. ಅಂಗಡಿಯವನು ನಗುತ್ತಾನೆ; ನಗಲಿ.