ಹುಳುಮನೆಯಲ್ಲಿ ಅಗಿಯುವ ಸದ್ದು

ಆಶಾ ಕಾರ್ಯಕರ್ತೆ ಅನಸೂಯಮ್ಮ ಭಾರತಮ್ಮನವರನ್ನು ಮೊದಲ ಸಲ ಕಂಡ ದಿನ ಹುಳುಗಳಿಗೆ ಜ್ವರ. ಅದು ಕಾಯಿಲೆಯಲ್ಲ, ರೇಷ್ಮೆಹುಳು ಪೊರೆ ಬಿಡುವ ಮುನ್ನ ಸೊಪ್ಪು ಮುಟ್ಟದೆ ಉಪವಾಸವಿರುವ ಹೊತ್ತು. ಆವನಿಯ ಹತ್ತಿರದ ಆ ಹುಳುಮನೆಯಲ್ಲಿ ಸಾವಿರಾರು ಹುಳುಗಳು ತಲೆಯೆತ್ತಿ, ಮೇಲೆ ಯಾರನ್ನೋ ನೋಡುತ್ತಿರುವಂತೆ ಅಲುಗದೆ ನಿಂತಿದ್ದವು. ಅವುಗಳ ನಡುವೆ ಭಾರಿ ಮೈಯ ಭಾರತಮ್ಮ, ಬಟ್ಟೆ ಸುತ್ತಿದ ಒಂದು ಕಾಲನ್ನು ಚಾಚಿಕೊಂಡು ಕುಳಿತಿದ್ದರು.

ಕಾಲ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ರಕ್ತದ ಸಕ್ಕರೆ ಇಳಿಯದಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು.

"ಏನೇನು ತಿಂತೀರಮ್ಮ?" ಅನಸೂಯಮ್ಮ ಕೇಳಿದರು.

"ಮಧ್ಯಾಹ್ನ ಒಂದು ಮುದ್ದೆ. ಕತ್ತಲಾದ ಮ್ಯಾಲೆ ಏನೂ ಮುಟ್ಟಲ್ಲ ಕಣಮ್ಮ."

ಬಾಗಿಲಲ್ಲಿದ್ದ ಸೊಸೆ ಸುನಂದ ನಕ್ಕಳು. "ನಮ್ಮತ್ತೆ ಗಾಳಿ ಕುಡ್ದೇ ಊದ್ಕೊಂಡವ್ರೆ ನೋಡಿ. ಹುರಿಗಡಲೆ ಡಬ್ಬ ಮಾತ್ರ ಬೆಳಗಾಗೋದ್ರಲ್ಲಿ ಖಾಲಿ!"

"ಲೇ, ನಾನು ತಿಂದಿದ್ರೆ ತಿಂದೆ ಅಂತಿರ್ಲಿಲ್ವೇನೇ? ಅದು ಅವ್ರು ತಿನ್ನೋದು."

ಅವರೆಂದರೆ ತೀರಿಹೋದ ಗಂಡ ಚನ್ನರಾಯಪ್ಪ. ರಾತ್ರಿ ಹುಳುವಿಗೆ ಸೊಪ್ಪು ಹಾಕುತ್ತ ಹುರಿಗಡಲೆ ಮೆಲ್ಲುವುದು ಅವರ ಅಭ್ಯಾಸವಾಗಿತ್ತು. ಅವರು ಹೋದ ಮೇಲೆ ರಾತ್ರಿಯ ಸೊಪ್ಪು ಭಾರತಮ್ಮನವರ ಪಾಲಿಗೆ ಬಂತು. ಮೈ ಬಂದದ್ದೂ ಆಮೇಲೆಯೇ.

"ಬೇರೆ ದಿನ ಹುಳ ಮೇಯೋ ಸದ್ದಲ್ಲಿ ಅವ್ರು ಅಗಿಯೋದು ಗೊತ್ತಾಗಲ್ಲ. ಜ್ವರದ ದಿನ ಕೇಳ್ಸುತ್ತೆ. ಕೂತ್ಕೊಳ್ಳಿ."

ಅನಸೂಯಮ್ಮ ಕುಳಿತರು. ಹೊರಗೆ ಬೆಳಕು ಇಳಿಯಿತು. ಉಸಿರಾಡಿದರೂ ಕೇಳುವಂಥ ಆ ನಿಶ್ಶಬ್ದದಲ್ಲಿ, ಸ್ವಲ್ಪ ಹೊತ್ತಿಗೆ, ಯಾರೋ ನಿಧಾನವಾಗಿ ಅಗಿಯತೊಡಗಿದರು.

"ಬಂದ್ರು," ಎಂದು ಭಾರತಮ್ಮ ಪಿಸುಗುಟ್ಟಿದರು. ಸದ್ದು ನಿಂತಿತು. ಮಾತು ಮುಗಿದೊಡನೆ ಮತ್ತೆ ಶುರುವಾಯಿತು.

ಅನಸೂಯಮ್ಮ ಮೊಬೈಲಿನ ಬೆಳಕನ್ನು ಮೂಲೆಗೆ ಬಿಟ್ಟರು, ಹುಳುತಟ್ಟೆಗಳ ಅಟ್ಟಣೆಯ ಕೆಳಗೆ ಬಿಟ್ಟರು. ಕೊನೆಗೆ ಭಾರತಮ್ಮನವರ ಕಡೆ ತಿರುಗಿಸಿದರು. ಅವರ ಕಣ್ಣುಗಳು ಸೂರನ್ನೇ ನೋಡುತ್ತಿದ್ದವು. ಬಲಗೈ ಮಾತ್ರ, ಬೇರೆ ಯಾರದೋ ಕೈಯಂತೆ, ಮಡಿಲಲ್ಲಿದ್ದ ಹುರಿಗಡಲೆಗೂ ಬಾಯಿಗೂ ಓಡಾಡುತ್ತಿತ್ತು.

ಅನಸೂಯಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ಭಾರತಮ್ಮನವರದೇ ದವಡೆಯ ಮೇಲೆ ಇಟ್ಟರು. ದವಡೆ ಇನ್ನೂ ಆಡುತ್ತಿತ್ತು.

ಭಾರತಮ್ಮ ಮಡಿಲಿನ ಕಾಳುಗಳನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ, "ಅಯ್ಯೋ ದೇವುಡಾ! ಹಂಗಾದ್ರೆ ಅವ್ರು ಬರ್ತಾನೇ ಇರ್ಲಿಲ್ವಾ?" ಎಂದರು.

ಡಾಕ್ಟರು ಮಾತ್ರೆಗಳನ್ನು ಹೊಂದಿಸಿಕೊಟ್ಟರು. ಬೆಳಿಗ್ಗೆ ಒಂದು ಊಟ, ಕತ್ತಲಿಗೆ ಮುಂಚೆ ಒಂದು ಊಟ. ಆಮೇಲೆ ನೀರು ಮಾತ್ರ. ಹಗಲು ತಿಂದದ್ದನ್ನು ಮೈ ಖರ್ಚು ಮಾಡುತ್ತದೆ, ಮಲಗುವ ಹೊತ್ತಿನಲ್ಲಿ ತಿಂದದ್ದನ್ನು ಕೊಬ್ಬಾಗಿ ಕೂಡಿಡುತ್ತದೆ ಎಂದು ಅನಸೂಯಮ್ಮ ತಿಳಿಸಿ ಹೇಳಿದಾಗ ಭಾರತಮ್ಮ ತಲೆಯಾಡಿಸಿದರು. "ಜ್ವರದಲ್ಲಿ ಸೊಪ್ಪು ಹಾಕಿದ್ರೆ ಹುಳ ಕೆಡಲ್ವಾ, ಹಂಗೇ."

ರಾತ್ರಿಯ ಸೊಪ್ಪು ಸುನಂದಳ ಕೈಗೆ ಹೋಯಿತು. ತಿಂಗಳುಗಳು ಕಳೆದಂತೆ ಮೈ ಇಳಿಯಿತು, ಸಕ್ಕರೆಯೂ ಇಳಿಯಿತು. ಹುಣ್ಣು ಮಾದು ಬೆರಳು ಉಳಿಯಿತು.

ಈಗಲೂ ಜ್ವರದ ಸಂಜೆಗಳಲ್ಲಿ ಭಾರತಮ್ಮ ಬೇಗ ಉಂಡು, ಬಾಯಿ ಮುಕ್ಕಳಿಸಿ, ಬರಿಗೈಯಲ್ಲಿ ಹುಳುಮನೆಗೆ ಹೋಗುತ್ತಾರೆ. ಹುಳುಗಳ ಹಾಗೆಯೇ ತಲೆಯೆತ್ತಿ ಕೂರುತ್ತಾರೆ. ದವಡೆಯನ್ನು ಒಂದು ಕೈಯಿಂದ ಅದುಮಿ ಹಿಡಿದಿರುತ್ತಾರೆ.

"ಬಾಯಿ ಮುಚ್ಚೈತೆ," ಎನ್ನುತ್ತಾರೆ ಸೊಸೆಗೆ. "ಇನ್ನು ಕೇಳ್ಸಿದ್ರೆ ಅವ್ರೇ."

ಸುನಂದ ನಗುವುದಿಲ್ಲ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಾಳೆ.